ನಂದಿ ಬೆಟ್ಟದ ಸುತ್ತ, ದ್ರಾಕ್ಷಿ ತೋಟಗಳ ನಡುವಿನ ಸದ್ದಿಲ್ಲದ ರಸ್ತೆಗಳು: ಸೈಕಲ್‌ಗೆ ಯಾವ ದಾರಿ, ಯಾವ ಕಾಲ?

ಮುಂಜಾವಿನ_ಸವಾರ

ಯಲಹಂಕದಲ್ಲಿ ವಾಸ. ನಾನೂ ನನ್ನ ಹೆಂಡತಿಯೂ ರಸ್ತೆ ಸೈಕಲ್ ಓಡಿಸುತ್ತೇವೆ, ಇಬ್ಬರಿಗೂ ಐವತ್ತು ದಾಟಿದೆ. ನಂದಿ ಬೆಟ್ಟ ಏರುವುದನ್ನು ಬಹುತೇಕ ನಿಲ್ಲಿಸಿದ್ದೇವೆ. ಏರು ಕಷ್ಟವೆಂದಲ್ಲ. ಭಾನುವಾರ ಸೂರ್ಯೋದಯ ನೋಡಲು ಬರುವ ಕಾರು, ಬೈಕುಗಳ ಸಾಲಿನಲ್ಲಿ ಹೊಗೆ ಕುಡಿಯುತ್ತ ಪೆಡಲ್ ತುಳಿಯುವುದರಲ್ಲಿ ನಮಗೆ ಸಂತೋಷ ಉಳಿದಿಲ್ಲ.

ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಕಡೆಯಿಂದ ಚಿಕ್ಕಬಳ್ಳಾಪುರದ ಕಡೆಗೆ, ದ್ರಾಕ್ಷಿ ತೋಟಗಳ ನಡುವೆ ಹಾದುಹೋಗುವ ಸಣ್ಣ ರಸ್ತೆಗಳಿವೆ ಎಂದು ಗೊತ್ತು. ವೈನ್ ದ್ರಾಕ್ಷಿ ಬೆಳೆಯುವ ತೋಟಗಳೂ ಅಲ್ಲೇ ಇವೆ. ಅರ್ಧ ದಿನದ ಸವಾರಿಗೆ ಯಾವ ದಾರಿ ಹಿಡಿಯಬೇಕು, ಯಾವ ತಿಂಗಳು ಒಳ್ಳೆಯದು, ನಡುವೆ ವೈನರಿ ನೋಡಲು ಸಾಧ್ಯವೇ? ವೇಗ ನಮಗೆ ಮುಖ್ಯವಲ್ಲ. ಇಬ್ಬರೂ ಮಾತನಾಡಿಕೊಂಡು ಹೋಗುವಷ್ಟು ಶಾಂತವಾದ ರಸ್ತೆ ಸಿಕ್ಕರೆ ಸಾಕು.

ಏರುದಾರಿ

ಸರ್, ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ನಂದಿ ಎಂದರೆ 1478 ಮೀಟರಿನ ಆ ತುದಿ ಮಾತ್ರ ಎಂದು ಬೆಂಗಳೂರಿನ ಸೈಕಲ್ ಸವಾರರಲ್ಲಿ ಹೆಚ್ಚಿನವರು ಭಾವಿಸಿದ್ದಾರೆ. ಅಂಕೆ ಹಾಕಿದ ತಿರುವುಗಳನ್ನು ಎಣಿಸುತ್ತ ಏರಿ, ಗಡಿಯಾರ ನೋಡಿ, ಇಳಿದು ಮನೆಗೆ ಹೋಗುತ್ತಾರೆ. ಬೆಟ್ಟದ ನಿಜವಾದ ಸೊಗಸು ಅದರ ಸುತ್ತಳತೆಯಲ್ಲಿದೆ. ನಂದಿ, ಸ್ಕಂದಗಿರಿ, ಬ್ರಹ್ಮಗಿರಿ, ಚನ್ನಗಿರಿ ಎಲ್ಲವೂ ಒಂದರ ಪಕ್ಕ ಒಂದು ನಿಂತಿರುವ ಪ್ರದೇಶ ಅದು. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಹುಟ್ಟುವುದು ಇದೇ ಗುಡ್ಡಗಳ ಸಾಲಿನಲ್ಲಿ. ನೀರು ನಾಲ್ಕೂ ದಿಕ್ಕಿಗೆ ಹರಿದುಹೋಗುವ ನೆಲವಾದ್ದರಿಂದ ಕೆಳಗಿನ ರಸ್ತೆಗಳೂ ಸಮತಟ್ಟಾಗಿಲ್ಲ. ಕೆರೆ ಏರಿ ಹತ್ತಿ, ಹಳ್ಳಕ್ಕೆ ಇಳಿದು, ಗುಂಡುತೋಪು ದಾಟಿ ಮತ್ತೆ ಏರುತ್ತೀರಿ. ಒಂದೊಂದು ಏರೂ ಚಿಕ್ಕದು, ಆದರೆ ಅರ್ಧ ದಿನದಲ್ಲಿ ಅವೆಲ್ಲ ಸೇರಿ ಕಾಲುಗಳಿಗೆ ಒಳ್ಳೆಯ ಕೆಲಸ ಕೊಡುತ್ತವೆ.

ಮೊದಲು ಬಿಡಬೇಕಾದ ರಸ್ತೆಗಳು. ಹೈದರಾಬಾದಿನ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 44 ಬೇಡವೇ ಬೇಡ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೂಲಕ ಹೊಸಕೋಟೆಗೆ ಹೋಗುವ ದಾರಿಯೂ ಬೇಡ, ಅದು ಲಾರಿಗಳದ್ದು. ಯಲಹಂಕದಿಂದ ರಾಜಾನುಕುಂಟೆ ದಾಟಿ ದೊಡ್ಡಬಳ್ಳಾಪುರ ತಲುಪುವವರೆಗೂ ವಾಹನ ಸಂಚಾರ ಹೆಚ್ಚು. ಸೈಕಲ್‌ಗಳನ್ನು ಕಾರಿನಲ್ಲಿ ಹಾಕಿಕೊಂಡು ದೊಡ್ಡಬಳ್ಳಾಪುರದಿಂದ ಸವಾರಿ ಆರಂಭಿಸಿ.

ಅಲ್ಲಿಂದ ತೂಬಗೆರೆಯ ಕಡೆಗೆ ಹೊರಳಿದರೆ ಊರಿನ ಗದ್ದಲ ಹಿಂದೆ ಉಳಿಯುತ್ತದೆ. ತೂಬಗೆರೆಯಿಂದ ಎಡಕ್ಕೆ ಹೋದರೆ ಘಾಟಿ ಸುಬ್ರಹ್ಮಣ್ಯ ಮತ್ತು ಮಾಕಳಿದುರ್ಗದ ಕಾಡಂಚು, ಬಲಕ್ಕೆ ಹೋದರೆ ಹೆಗ್ಗಡಿಹಳ್ಳಿಯ ಮೂಲಕ ನಂದಿಯ ಬುಡ. ಬಲಕ್ಕೆ ಹೋಗುವ ದಾರಿಯಲ್ಲೇ ನೀವು ಹುಡುಕುತ್ತಿರುವುದು ಇದೆ. ಕಲ್ಲುಕಂಬಗಳ ಮೇಲೆ ಹಬ್ಬಿದ ದ್ರಾಕ್ಷಿ ಚಪ್ಪರ, ಪಕ್ಕದಲ್ಲಿ ರಾಗಿ ಹೊಲ, ಆಚೆ ಹಿಪ್ಪುನೇರಳೆ, ಹಿನ್ನೆಲೆಯಲ್ಲಿ ಬೆಟ್ಟದ ಬೋಳುಬಂಡೆ. ಬುಡವನ್ನು ಬಳಸಿಕೊಂಡು ಪೂರ್ವಕ್ಕೆ ಬಂದರೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ. ಅದರ ಕಲ್ಯಾಣಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಇನ್ನೂ ಶಕ್ತಿ ಇದ್ದರೆ ಹತ್ತಿರದಲ್ಲೇ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ. ಆದರೆ ಶನಿವಾರ, ಭಾನುವಾರ ಈ ಪೂರ್ವದ ಬದಿಯನ್ನು ಬಿಟ್ಟುಬಿಡಿ. 2023ರಲ್ಲಿ ಚಿಕ್ಕಬಳ್ಳಾಪುರದ ಬಳಿ ಆದಿಯೋಗಿ ಪ್ರತಿಮೆ ಬಂದ ಮೇಲೆ ರಜಾದಿನಗಳಲ್ಲಿ ಅತ್ತ ಕಾರುಗಳು ತುಂಬಿಕೊಳ್ಳುತ್ತವೆ.

ನಕ್ಷೆಪ್ರಿಯ

ಒಂದು ವಿನಂತಿ. ಊರುಗಳ ಹೆಸರು ಹೇಳುವುದು ಸರಿ, ಆದರೆ ತಿರುವು ತಿರುವಿನ ವಿವರ, ಮೊಬೈಲ್‌ನಲ್ಲಿ ದಾಖಲಿಸಿದ ಮಾರ್ಗದ ಕಡತ ಇಲ್ಲಿ ಹಾಕಬೇಡಿ. ಒಂದು ರಸ್ತೆ ಶಾಂತವಾಗಿದೆ ಎಂದು ಸಾವಿರ ಜನಕ್ಕೆ ತಿಳಿದರೆ ಅದರ ಶಾಂತಿ ಅಲ್ಲಿಗೆ ಮುಗಿಯಿತು. ಸ್ಕಂದಗಿರಿಗೆ ಏನಾಯಿತು ನೋಡಿ. ರಾತ್ರಿ ಟಾರ್ಚ್ ಹಿಡಿದು ಸಾಲುಗಟ್ಟಿ ಏರುವ ಜನ, ದಾರಿಯುದ್ದಕ್ಕೂ ಪ್ಲಾಸ್ಟಿಕ್, ಕೊನೆಗೆ ಟಿಕೆಟ್ ಮತ್ತು ನಿರ್ಬಂಧ.

ಹಳೇ_ಫ್ರೇಮ್

ಗೇರ್ ಬಗ್ಗೆ ಯಾರೂ ಹೇಳಲಿಲ್ಲ. ಮುಂದಿನ ಎರಡು ಹಲ್ಲುಚಕ್ರಗಳಲ್ಲಿ 50 ಮತ್ತು 34 ಹಲ್ಲು, ಹಿಂದಿನ ಗೇರುಗಳ ಗೊಂಚಲಿನ (ಕ್ಯಾಸೆಟ್) ದೊಡ್ಡ ಚಕ್ರದಲ್ಲಿ 32 ಹಲ್ಲು ಇದ್ದರೆ ಈ ಸುತ್ತಿನಲ್ಲಿ ಎಲ್ಲಿಯೂ ಇಳಿದು ತಳ್ಳಬೇಕಾಗುವುದಿಲ್ಲ. ಟೈರ್ 28 ಮಿ.ಮೀ.ಗಿಂತ ಕಡಿಮೆ ಬೇಡ, 32 ಆದರೆ ಉತ್ತಮ. ಡಾಂಬರಿನ ಅಂಚು ಕಿತ್ತುಹೋದ ಕಡೆ ಎದುರಿಗೆ ಟ್ರ್ಯಾಕ್ಟರ್ ಬಂದರೆ ಮಣ್ಣಿಗೆ ಇಳಿಯಲೇಬೇಕು. ಎರಡು ಟ್ಯೂಬ್, ಒಂದು ಪಂಪ್ ಇರಲಿ. ಜಾಲಿಮುಳ್ಳು ಇಲ್ಲಿ ಯಾವ ಟೈರನ್ನೂ ಲೆಕ್ಕಿಸುವುದಿಲ್ಲ.

ಕಲ್ಲುಕಂಬ

ನಾನು ತೂಬಗೆರೆ ಹೋಬಳಿಯ ದ್ರಾಕ್ಷಿ ಬೆಳೆಗಾರ. ಸೈಕಲ್ ಓಡಿಸುವವನಲ್ಲ. ಆದರೆ ನೀವು ಓಡಿಸುವ ರಸ್ತೆಯ ಎರಡೂ ಬದಿ ನಮ್ಮದು, ಹಾಗಾಗಿ ನಾಲ್ಕು ಮಾತು ಹೇಳುತ್ತೇನೆ.

ನೀವು ಚಪ್ಪರದಲ್ಲಿ ನೋಡುವ ದ್ರಾಕ್ಷಿ ಬಹುಪಾಲು ಬೆಂಗಳೂರು ನೀಲಿ. ತಿನ್ನಲು, ರಸಕ್ಕೆ, ಸ್ವಲ್ಪ ಮಟ್ಟಿಗೆ ಸಿಹಿ ವೈನಿಗೆ ಹೋಗುತ್ತದೆ. 2013ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಒಳ್ಳೆಯ ವೈನಿನ ದ್ರಾಕ್ಷಿ ಬೇರೆ. ಕ್ಯಾಬರ್ನೆ ಸೋವಿನ್ಯಾನ್, ಶಿರಾಜ್ ಮೊದಲಾದವುಗಳನ್ನು ಚಪ್ಪರಕ್ಕೆ ಹಬ್ಬಿಸುವುದಿಲ್ಲ, ಬೇಲಿಯ ಹಾಗೆ ಸಾಲು ಸಾಲಾಗಿ ತಂತಿಗೆ ಕಟ್ಟುತ್ತಾರೆ. ರಸ್ತೆಯಿಂದ ನೋಡಿದರೆ ಇಷ್ಟರಿಂದಲೇ ಯಾವುದು ಯಾವುದೆಂದು ತಿಳಿಯುತ್ತದೆ. ಕನ್ವಲ್ ಗ್ರೋವರ್ ಅವರು 1988ರಲ್ಲಿ ಈ ಬೆಟ್ಟದ ಕೆಳಗೆ ಫ್ರೆಂಚ್ ತಳಿಗಳನ್ನಿಟ್ಟು ಕಂಪನಿ ಆರಂಭಿಸಿದಾಗ ನಮ್ಮ ಹಿರಿಯರಿಗೆ ಅದು ವಿಚಿತ್ರವಾಗಿ ಕಂಡಿತ್ತು. 2007ರ ರಾಜ್ಯದ ವೈನ್ ನೀತಿಯ ನಂತರ ಇನ್ನಷ್ಟು ಜನ ವೈನ್ ತಳಿಗಳಿಗೆ ಕೈಹಾಕಿದರು. ನಾನು ಬೆಂಗಳೂರು ನೀಲಿಯನ್ನು ಬಿಟ್ಟಿಲ್ಲ. ವರ್ಷಕ್ಕೆ ಎರಡು ಬೆಳೆ ಕೊಡುವ, ನಮ್ಮ ಮಳೆಯನ್ನು ತಡೆದುಕೊಳ್ಳುವ ಬಳ್ಳಿ ಅದು.

ಇನ್ನು ನಿಮಗೆ ಬೇಕಾದದ್ದು. ಮಳೆಗಾಲದಲ್ಲಿ ಬೂದಿರೋಗ, ಡೌನಿರೋಗ ತಡೆಯಲು ಮೇಲಿಂದ ಮೇಲೆ ಔಷಧ ಹೊಡೆಯುತ್ತೇವೆ. ಗಾಳಿ ಏಳುವ ಮೊದಲು, ಬೆಳಗಿನ ಜಾವವೇ ಹೊಡೆಯಬೇಕು. ನೀವು ಬರುವುದೂ ಅದೇ ಹೊತ್ತು. ಚಪ್ಪರದ ಕೆಳಗೆ ಮಂಜಿನ ಹಾಗೆ ಕಂಡರೆ, ಟ್ರ್ಯಾಕ್ಟರಿನ ಪಂಪಿನ ಸದ್ದು ಕೇಳಿದರೆ, ದಯವಿಟ್ಟು ದೂರದಲ್ಲೇ ನಿಂತು ಒಂದು ಕೂಗು ಹಾಕಿ. ನೀವು ದಾಟುವವರೆಗೆ ನಿಲ್ಲಿಸುತ್ತೇವೆ. ನಿಲ್ಲಿಸಲು ಯಾರಿಗೂ ಬೇಸರವಿಲ್ಲ. ಬೆವರು ಸುರಿಸುತ್ತ ಜೋರಾಗಿ ಉಸಿರೆಳೆಯುವವರು ಆ ಗಾಳಿಯನ್ನು ಒಳಗೆ ತೆಗೆದುಕೊಳ್ಳಬಾರದು.

ಗೊಂಚಲಿಗೆ ಕೈ ಹಾಕಬೇಡಿ. ಒಂದು ಗೊಂಚಲು ಹೋದರೆ ನಾವು ಬಡವಾಗುವುದಿಲ್ಲ, ಕೇಳಿದರೆ ನಾವೇ ಕಿತ್ತು ಕೊಡುತ್ತೇವೆ. ಔಷಧ ಹೊಡೆದು ಎಷ್ಟು ದಿನವಾಯಿತೆಂದು ನಮಗೆ ಮಾತ್ರ ಗೊತ್ತು. ಆ ಕಾರಣಕ್ಕೇ ಹೇಳುತ್ತಿದ್ದೇನೆ.

ಮುಂಜಾವಿನ_ಸವಾರ

ಅಣ್ಣ, ನೀವು ಬರೆದದ್ದು ದೊಡ್ಡ ಉಪಕಾರ. ಔಷಧದ ವಿಷಯ ನಮಗೆ ಹೊಳೆದೇ ಇರಲಿಲ್ಲ. ವೈನ್ ದ್ರಾಕ್ಷಿಯ ಕೊಯ್ಲು ಯಾವಾಗ? ಆ ಸಮಯದಲ್ಲಿ ಬಂದರೆ ನಿಮ್ಮ ಕೆಲಸಕ್ಕೆ ಅಡ್ಡಿಯಾಗುತ್ತದೆಯೇ?

ಕಲ್ಲುಕಂಬ

ಫೆಬ್ರವರಿ, ಮಾರ್ಚ್. ನಮ್ಮಲ್ಲಿ ಬಳ್ಳಿಗೆ ಚಳಿಗಾಲದ ನಿದ್ರೆ ಇಲ್ಲ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಕಡ್ಡಿ ಸವರಿದರೆ ಒಣ ಹವೆಯಲ್ಲಿ ಹಣ್ಣಾಗಿ ಬೇಸಿಗೆಯ ಮೊದಲ ಬಿಸಿಲಿಗೆ ಕೊಯ್ಲಿಗೆ ಬರುತ್ತದೆ. ಹಗಲು ಬಿಸಿ, ರಾತ್ರಿ ತಂಪು ಇರುವುದರಿಂದ ಸಿಹಿಯೂ ಹುಳಿಯೂ ಜೊತೆಯಲ್ಲಿ ಉಳಿಯುತ್ತವೆ. ಕೆಂಪು ವೈನಿನ ಹಣ್ಣಿಗೆ ಸಕ್ಕರೆ ಅಂಶ 22ರಿಂದ 24 ಬ್ರಿಕ್ಸ್ ಬಂದಾಗ ಕಟಾವು. ಹಣ್ಣು ಬಿಸಿಯಾಗಬಾರದೆಂದು ಕತ್ತಲಿರುವಾಗಲೇ ಶುರು ಮಾಡುತ್ತಾರೆ. ಆದ್ದರಿಂದ ಆ ತಿಂಗಳುಗಳಲ್ಲಿ ಬೆಳಿಗ್ಗೆ ಐದರಿಂದ ಎಂಟರವರೆಗೆ ಸಣ್ಣ ರಸ್ತೆಯಲ್ಲೂ ಕ್ರೇಟು ತುಂಬಿದ ಟೆಂಪೊಗಳು ಅವಸರದಲ್ಲಿ ಓಡಾಡುತ್ತವೆ. ಎಂಟಕ್ಕೆ ಹೊರಟರೆ ಅವರಿಗೂ ನಿಮಗೂ ಅನುಕೂಲ.

ಚಪ್ಪಲಿ_ಪೆಡಲ್

ರಾಗಿ ಕಣದ ಬಗ್ಗೆ ಎಚ್ಚರಿಕೆ ಕೊಡಲೇಬೇಕು. ಡಿಸೆಂಬರ್, ಜನವರಿಯಲ್ಲಿ ಈ ಭಾಗದ ಹಳ್ಳಿ ರಸ್ತೆಗಳ ಮೇಲೆ ರಾಗಿ ತೆನೆ, ಹುರುಳಿ ಹರಡಿರುತ್ತಾರೆ. ವಾಹನಗಳ ಚಕ್ರ ಹರಿದು ಕಾಳು ಬೇರ್ಪಡುತ್ತದೆ. ಸೈಕಲ್‌ಗೆ ಅದು ಬಹಳ ಅಪಾಯಕಾರಿ. ಇಳಿಜಾರಿನ ತಿರುವಿನಲ್ಲಿ ಒಣಹುಲ್ಲು ಸಿಕ್ಕರೆ ಬ್ರೇಕ್ ಹಿಡಿದ ಕೂಡಲೇ ಚಕ್ರ ಜಾರುತ್ತದೆ. ಹುಲ್ಲು ಹಿಂದಿನ ಗೇರಿಗೆ ಸುತ್ತಿಕೊಂಡರೆ ಸರಪಳಿಯನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರ್ ಮುರಿಯುವ ಸಾಧ್ಯತೆಯೂ ಇದೆ. ಕಣ ಕಂಡಾಗ ಇಳಿದು, ಸೈಕಲನ್ನು ಎತ್ತಿಕೊಂಡು ಪಕ್ಕದಿಂದ ನಡೆಯಿರಿ. ಜನರ ಊಟದ ಕಾಳು ಅದು, ತುಳಿದು ಹೋಗುವುದೂ ಸರಿಯಲ್ಲ.

ಏರುದಾರಿ

ಗಾಳಿಯ ವಿಷಯವನ್ನೂ ಸೇರಿಸುತ್ತೇನೆ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಗಾಳಿ ಬಲವಾಗಿ ಬೀಸುತ್ತದೆ. ದೊಡ್ಡಬಳ್ಳಾಪುರದಿಂದ ನಂದಿಗೆ ಹೋಗುವಾಗ ಅದು ಬೆನ್ನಿಗಿರುತ್ತದೆ, ಏರು ಇದೆಯೆಂದೇ ಅನ್ನಿಸುವುದಿಲ್ಲ. ಮರಳುವಾಗ ಸಣ್ಣ ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕಾಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ಮರಳುವ ದಾರಿಗೆ ಉಳಿಸಿಕೊಳ್ಳಿ. ಚಳಿಗಾಲದಲ್ಲಿ ಗಾಳಿ ಈಶಾನ್ಯದಿಂದ ಬರುತ್ತದೆ, ಲೆಕ್ಕ ತಿರುಗುಮುರುಗು. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗಿನ ಕಾಲವೇ ಶ್ರೇಷ್ಠ. ಕೆರೆಗಳಲ್ಲಿ ನೀರು, ಬಂಡೆಗಳ ಸಂದಿಯಲ್ಲಿ ಹಸಿರು, ರಾಗಿ ತೆನೆ ಬಾಗಿರುತ್ತದೆ. ದ್ರಾಕ್ಷಿಯನ್ನೇ ನೋಡಬೇಕೆಂದರೆ ಫೆಬ್ರವರಿ.

ವೈನರಿ ನೋಡಲು ಮೊದಲೇ ಕಾಯ್ದಿರಿಸಬೇಕು. ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ: ರುಚಿ ನೋಡುವುದು ಸವಾರಿ ಮುಗಿದು, ಸೈಕಲ್ ಕಾರಿಗೆ ಏರಿದ ಮೇಲೆ. ಕಾರು ನಡೆಸುವವರು ಕುಡಿಯಬಾರದು. ಬಿಸಿಲಿನಲ್ಲಿ ನೀರು ಕಳೆದುಕೊಂಡ ಮೈಗೆ ಅರ್ಧ ಲೋಟವೂ ಬೇಗ ತಲೆಗೇರುತ್ತದೆ.

ಗುಮ್ಮಟದ_ನೆರಳು

ವಿಜಯಪುರದಿಂದ ಬರೆಯುತ್ತಿದ್ದೇನೆ. ದ್ರಾಕ್ಷಿಯೂ ಸೈಕಲ್ಲೂ ಒಂದೇ ಕಡೆ ಸೇರುವ ಮಾತು ಬಂದರೆ ನಮ್ಮ ಜಿಲ್ಲೆಯನ್ನು ನೆನೆಯಲೇಬೇಕು. ತಿಕೋಟಾ, ಬಬಲೇಶ್ವರದ ಕಡೆ ಕಣ್ಣು ಹಾಯಿಸಿದಷ್ಟು ದೂರ ದ್ರಾಕ್ಷಿ, ಒಣದ್ರಾಕ್ಷಿಯ ಶೆಡ್ಡುಗಳು. ಅದೇ ರಸ್ತೆಗಳಲ್ಲಿ ನಸುಕಿನಲ್ಲಿ ಹುಡುಗ ಹುಡುಗಿಯರು ರೇಸ್ ಸೈಕಲ್ ಮೇಲೆ ಸಾಲಾಗಿ ಅಭ್ಯಾಸ ಮಾಡುತ್ತಾರೆ. ವಿಜಯಪುರ, ಬಾಗಲಕೋಟೆ, ಜಮಖಂಡಿಯಿಂದ ರಾಷ್ಟ್ರಮಟ್ಟದ ಸೈಕಲ್ ಪಟುಗಳು ತಲೆಮಾರುಗಳಿಂದ ಬರುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ಒಕ್ಕಲುತನದ ಮನೆಯವರು. ಚಾಟ್ನಿ (ಕಡ್ಡಿ ಸವರುವ) ಕೆಲಸ ಮುಗಿಸಿ ಸೈಕಲ್ ಏರುವ ಹುಡುಗರನ್ನು ನಾನು ಬಲ್ಲೆ.

ನಮ್ಮಲ್ಲಿ ಬೆಟ್ಟವಿಲ್ಲ, ಕಪ್ಪು ಮಣ್ಣಿನ ಬಯಲು. ಆದರೆ ಒಂದು ವ್ಯತ್ಯಾಸ ಗಮನಿಸಿ. ಇಲ್ಲಿ ಸೈಕಲ್ ತುಳಿಯುವವನು ಹೊರಗಿನಿಂದ ಬಂದವನಲ್ಲ, ತೋಟದ ಮನೆಯ ಮಗನೇ. ಟ್ರ್ಯಾಕ್ಟರಿನವನು ಅವನನ್ನು ಹೆಸರು ಹಿಡಿದು ಕರೆದು ದಾರಿ ಬಿಡುತ್ತಾನೆ. ಬೆಂಗಳೂರಿನ ಕಡೆಯ ಗುಂಪುಗಳು ನಂದಿ ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಹಳೆಯ ಸೈಕಲ್ ಕೊಟ್ಟು, ಜೊತೆಯಲ್ಲಿ ಸವಾರಿಗೆ ಕರೆದುಕೊಂಡರೆ ಎಷ್ಟು ಚೆನ್ನ!

ಪಾಲ್ಟ್ಸ್_ಕನ್ನಡತಿ

ಜರ್ಮನಿಯ ಪಾಲ್ಟ್ಸ್ ಪ್ರದೇಶದಲ್ಲಿದ್ದೇನೆ, ಮೂಲತಃ ಚಿಂತಾಮಣಿಯವಳು. ನನ್ನ ಮನೆಯ ಹಿಂದೆಯೇ ದ್ರಾಕ್ಷಿ ಗುಡ್ಡಗಳು. 1935ರಲ್ಲಿ ಗುರುತಿಸಿದ, ಸುಮಾರು 85 ಕಿ.ಮೀ. ಉದ್ದದ ಜರ್ಮನ್ ವೈನ್ ರಸ್ತೆ ಇಲ್ಲಿ ಹಾದುಹೋಗುತ್ತದೆ. ಆಗಸ್ಟ್ ತಿಂಗಳ ಕೊನೆಯ ಭಾನುವಾರ ಆ ರಸ್ತೆಯನ್ನು ಮೋಟಾರು ವಾಹನಗಳಿಗೆ ಮುಚ್ಚುತ್ತಾರೆ. ಅಜ್ಜಿಯರು, ಎಳೆಯ ಮಕ್ಕಳು, ಎಲ್ಲರೂ ಸೈಕಲ್ ಮೇಲೆ. ಉಳಿದ ದಿನಗಳಲ್ಲಿ ನಾವು ಆ ರಸ್ತೆಗೇ ಹೋಗುವುದಿಲ್ಲ. ತೋಟಗಳ ಒಳಗೆ ಟ್ರ್ಯಾಕ್ಟರಿಗಾಗಿ ಮಾಡಿದ ಕಿರಿದಾದ ಗಟ್ಟಿ ದಾರಿಗಳಿವೆ. ಕಾರುಗಳಿಗೆ ಪ್ರವೇಶವಿಲ್ಲ, ರೈತರಿಗೂ ಸೈಕಲ್‌ಗೂ ಇದೆ.

ಕಲ್ಲುಕಂಬ ಅವರು ಹೇಳಿದ್ದನ್ನು ಓದಿದಾಗ ಇಲ್ಲಿನ ಒಂದು ಪದ್ಧತಿ ನೆನಪಾಯಿತು. ಹಣ್ಣು ಮಾಗುವ ವಾರಗಳಲ್ಲಿ ಅನೇಕ ಊರುಗಳು ತೋಟದ ದಾರಿಗಳನ್ನು ಹೊರಗಿನವರಿಗೆ ಮುಚ್ಚಿ ಫಲಕ ಹಾಕುತ್ತವೆ. ಯಾರೂ ಗೊಣಗುವುದಿಲ್ಲ, ಬೇರೆ ದಾರಿ ಹಿಡಿಯುತ್ತಾರೆ. ನಂದಿಯ ಸುತ್ತಲೂ ಪಂಚಾಯಿತಿಗಳು ಔಷಧದ ದಿನ, ಕೊಯ್ಲಿನ ವಾರ ಎಂದು ಒಂದು ಫಲಕ ಹಾಕುವಂತಾದರೆ ಎರಡೂ ಕಡೆಯವರಿಗೆ ಒಳ್ಳೆಯದು.

ನಕ್ಷೆಪ್ರಿಯ

ಮೇಡಂ, ಅಲ್ಲಿ ಫಲಕ ಹಾಕಿದರೆ ಪಾಲಿಸುವ ಜನರಿದ್ದಾರೆ. ಇಲ್ಲಿ ಫಲಕವೇ ಛಾಯಾಚಿತ್ರ ತೆಗೆಸಿಕೊಳ್ಳುವ ಜಾಗವಾಗುತ್ತದೆ. ನನ್ನ ನಿಲುವು ಅದೇ: ಗೊತ್ತಿದ್ದವರು ಗೊತ್ತಿದ್ದವರಿಗೆ ಬಾಯಿಮಾತಿನಲ್ಲಿ ಹೇಳಲಿ.

ಹಳೇ_ಫ್ರೇಮ್

ಇದಕ್ಕೆ ನಾನು ಒಪ್ಪುವುದಿಲ್ಲ, ಕಾರಣ ಹೇಳುತ್ತೇನೆ. ಇಟಲಿಯ ಟಸ್ಕನಿಯಲ್ಲಿ ಕಿಯಾಂಟಿ ಎಂಬ ಗುಡ್ಡಗಾಡಿನ ವೈನ್ ಸೀಮೆ ಇದೆ. ಅಲ್ಲಿನ ತೋಟಗಳ ನಡುವೆ ಬಿಳಿ ಜಲ್ಲಿಯ ಹಳೆಯ ರಸ್ತೆಗಳು. ಒಂದೊಂದಾಗಿ ಡಾಂಬರಿನ ಕೆಳಗೆ ಮುಚ್ಚಿಹೋಗುತ್ತಿದ್ದವು. 1997ರಲ್ಲಿ ಜಾನ್‌ಕಾರ್ಲೊ ಬ್ರೊಚ್ಚಿ ಎಂಬುವರು ಗಾಯೊಲೆ ಎಂಬ ಊರಿನಲ್ಲಿ ಹಳೆಯ ಸೈಕಲ್‌ಗಳ ಸವಾರಿಯೊಂದನ್ನು ಆರಂಭಿಸಿದರು. ಲೆರೊಯಿಕಾ ಎಂದು ಹೆಸರು. ಮೊದಲ ವರ್ಷ ಬಂದವರು 92 ಜನ. 1987ಕ್ಕೆ ಮುಂಚಿನ ಮಾದರಿಯ ಉಕ್ಕಿನ ಸೈಕಲ್‌ಗಳಿಗೆ ಅಲ್ಲಿ ಆದ್ಯತೆ, ನನ್ನಂಥ ಹಳೆಯ ಫ್ರೇಮಿನವರಿಗೆ ಅದು ಕಾಶಿ. ಆ ರಸ್ತೆಗಳಿಗೆ ಬೆಲೆಯಿದೆ ಎಂದು ಊರಿನವರಿಗೂ ಸರ್ಕಾರಕ್ಕೂ ಮನವರಿಕೆಯಾದದ್ದು ಈ ಸವಾರಿಯಿಂದ. 2007ರಿಂದ ವೃತ್ತಿಪರರ ಸ್ಪರ್ಧೆಯೂ ನಡೆಯುತ್ತಿದೆ, ಸಿಯೆನಾ ನಗರದ ಚೌಕದಲ್ಲಿ ಮುಗಿಯುತ್ತದೆ. ಬಚ್ಚಿಟ್ಟಿದ್ದರೆ ಆ ಬಿಳಿ ರಸ್ತೆಗಳು ಇಷ್ಟು ಹೊತ್ತಿಗೆ ಇರುತ್ತಿರಲಿಲ್ಲ.

ನಂದಿಯ ಸುತ್ತಲಿನ ರಸ್ತೆಗಳಿಗೆ ಅಪಾಯ ಬರುವುದು ಸೈಕಲ್ ಸವಾರರಿಂದ ಅಲ್ಲ. 2008ರಲ್ಲಿ ವಿಮಾನ ನಿಲ್ದಾಣ ಬಂದಾಗಿನಿಂದ ಬಡಾವಣೆಗಳು ಉತ್ತರಕ್ಕೆ ಹಬ್ಬುತ್ತಲೇ ಇವೆ. ಚಪ್ಪರ ಕಿತ್ತು ಕಲ್ಲುಕಂಬ ಮಾರಿದ ಮೇಲೆ ಆ ತೋಟ ಮರಳಿ ಬರುವುದಿಲ್ಲ.

ಕಲ್ಲುಕಂಬ

ಹಳೇ ಫ್ರೇಮ್ ಅವರ ಮಾತು ನನಗೆ ಸರಿ ಕಾಣುತ್ತದೆ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು 1777 ಎಕರೆ ಭೂಸ್ವಾಧೀನದ ವಿರುದ್ಧ ವರ್ಷಗಟ್ಟಲೆ ಧರಣಿ ಕುಳಿತರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಅದೇ ನೆಲದಲ್ಲಿ ದ್ರಾಕ್ಷಿ, ಹೂವು, ಹಿಪ್ಪುನೇರಳೆ ಬೆಳೆಯುತ್ತದೆ ಎಂದು ಊರ ಹೊರಗಿನವರಿಗೆ ಗೊತ್ತಿದ್ದಷ್ಟೂ ನಮಗೆ ಬಲ. ನೀವು ನೋಡಿ ಹೋದರೆ, ನಾಲ್ಕು ಜನಕ್ಕೆ ಹೇಳಿದರೆ ನನಗೆ ತೊಂದರೆಯಿಲ್ಲ.

ತೊಂದರೆ ಎಲ್ಲಿದೆ ಎಂದರೆ, ಮೂವತ್ತು ನಲವತ್ತು ಸೈಕಲ್ ಒಟ್ಟಿಗೆ ಬಂದು, ಹಿಂದೆ ಹಾಡು ಹಾಕಿಕೊಂಡು ಒಂದು ವ್ಯಾನ್ ಬಂದಾಗ. ಹಸು ಬೆದರುತ್ತದೆ, ಹಾಲಿನ ಡೈರಿಗೆ ಹೊರಟ ಹೆಂಗಸರು ಮೋರಿಗೆ ಸರಿದು ನಿಲ್ಲಬೇಕಾಗುತ್ತದೆ. ನಾಲ್ಕು ಜನರಿಗಿಂತ ಹೆಚ್ಚು ಬೇಡ. ಗುಂಪು ದೊಡ್ಡದಾದರೆ ಬಿಡಿಬಿಡಿಯಾಗಿ ಬನ್ನಿ. ಊರಿನ ಅಂಗಡಿಯಲ್ಲಿ ಚಹಾ ಕುಡಿಯಿರಿ, ಬಾಳೆಹಣ್ಣು ಕೊಳ್ಳಿ. ಬೆಂಗಳೂರಿನಿಂದ ಎಲ್ಲವನ್ನೂ ಕಟ್ಟಿಕೊಂಡು ಬಂದು ಪೊಟ್ಟಣವನ್ನು ನಮ್ಮ ಬದುವಿನಲ್ಲಿ ಬಿಟ್ಟು ಹೋಗುವ ಅಭ್ಯಾಸ ಹೋಗಲಿ.

ನಕ್ಷೆಪ್ರಿಯ

ತೋಟದವರೇ ಹೀಗೆ ಹೇಳುವಾಗ ನಾನು ಹಟ ಹಿಡಿಯುವುದು ಸರಿಯಲ್ಲ. ನಾಲ್ಕು ಜನರ ಮಿತಿ, ಶನಿವಾರ ಭಾನುವಾರ ಬಿಟ್ಟು ಉಳಿದ ದಿನ ಮಾತ್ರ, ವ್ಯಾನ್ ಬೇಡ. ಈ ಮೂರನ್ನು ಮಾರ್ಗದ ಜೊತೆಗೇ ಬರೆದು ಹಾಕುವುದಾದರೆ ನನ್ನ ಬಳಿ ಇರುವ ಮಾರ್ಗವನ್ನೂ ಕೊಡುತ್ತೇನೆ.

ಚಪ್ಪಲಿ_ಪೆಡಲ್

ಒಂಟಿಯಾಗಿ ಸವಾರಿ ಮಾಡುವ ಹೆಣ್ಣುಮಕ್ಕಳು ಓದುತ್ತಿದ್ದರೆ ಅವರಿಗಾಗಿ: ನಾನು ಚಿಕ್ಕಬಳ್ಳಾಪುರದವಳು, ಈ ದಾರಿಗಳಲ್ಲಿ ಒಬ್ಬಳೇ ಓಡಾಡುತ್ತೇನೆ. ಜನರ ಭಯ ಕಡಿಮೆ, ನಾಯಿಗಳದ್ದೇ ಹೆಚ್ಚು. ತೋಟದ ಮನೆಯ ನಾಯಿ ತನ್ನ ಗಡಿ ಮುಗಿಯುವವರೆಗೆ ಓಡಿಸಿಕೊಂಡು ಬರುತ್ತದೆ. ವೇಗ ಹೆಚ್ಚಿಸಿದರೆ ಅದರ ಉತ್ಸಾಹವೂ ಹೆಚ್ಚುತ್ತದೆ. ಇಳಿದು, ಸೈಕಲನ್ನು ನಿಮಗೂ ನಾಯಿಗೂ ನಡುವೆ ಹಿಡಿದು, ನಿಧಾನವಾಗಿ ನಡೆಯಿರಿ. ಮನೆಯವರು ಕರೆದರೆ ಸುಮ್ಮನಾಗುತ್ತದೆ. ಕಚ್ಚಿದರೆ ಗಾಯವನ್ನು ಸಾಬೂನು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು, ತಡ ಮಾಡಬಾರದು.

ಇನ್ನೊಂದು ಅಪಾಯ ಜಲ್ಲಿ ಟಿಪ್ಪರ್‌ಗಳು. ಕ್ರಷರ್‌ಗಳಿರುವ ಕಡೆ ತಿರುವಿನಲ್ಲಿ ಜಲ್ಲಿ ಚೆಲ್ಲಿರುತ್ತದೆ. ರಸ್ತೆಯ ಬಣ್ಣ ಬೂದಿಯಾಗಿ ಕಂಡರೆ ಮುಂದೆ ಟಿಪ್ಪರ್ ಓಡಾಟವಿದೆ ಎಂದು ತಿಳಿದು ಬೇರೆ ದಾರಿ ಹಿಡಿಯಿರಿ.

ಮುಂಜಾವಿನ_ಸವಾರ

ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ನಾವು ಫೆಬ್ರವರಿಯಲ್ಲಿ, ವಾರದ ನಡುವಿನ ದಿನ ಹೊರಡುತ್ತೇವೆ. ದೊಡ್ಡಬಳ್ಳಾಪುರದಲ್ಲಿ ಕಾರು ಬಿಟ್ಟು ತೂಬಗೆರೆ, ಹೆಗ್ಗಡಿಹಳ್ಳಿ, ನಂದಿ ಗ್ರಾಮ. ಅಲ್ಲಿ ದೇವಸ್ಥಾನ ನೋಡಿ ಬಂದ ದಾರಿಯಲ್ಲೇ ಮರಳುವುದು. ಬೆಟ್ಟ ಏರುವುದಿಲ್ಲ. ಎಂಟು ಗಂಟೆಗೆ ಹೊರಟರೆ ಮರಳುವಾಗ ಬಿಸಿಲು ಹೆಚ್ಚಾಗುವುದೇ? ನಡುವೆ ನೀರು ಎಲ್ಲಿ ಸಿಗುತ್ತದೆ?

ಏರುದಾರಿ

ಫೆಬ್ರವರಿಯಲ್ಲಿ ಹನ್ನೊಂದರ ನಂತರ ಬಿಸಿಲು ಚುರುಗುಟ್ಟುತ್ತದೆ. ಒಬ್ಬೊಬ್ಬರಿಗೆ ಎರಡು ಬಾಟಲಿ, ಒಂದರಲ್ಲಿ ಉಪ್ಪು ಸಕ್ಕರೆ ಬೆರೆಸಿದ ನಿಂಬೆ ನೀರು. ಹಲವು ಹಳ್ಳಿಗಳಲ್ಲಿ ನಾಣ್ಯ ಹಾಕಿದರೆ ಶುದ್ಧ ನೀರು ಬರುವ ಘಟಕಗಳಿವೆ, ಚಿಲ್ಲರೆ ಇಟ್ಟುಕೊಳ್ಳಿ. ನಂದಿ ಗ್ರಾಮದಲ್ಲಿ ದೇವಸ್ಥಾನದ ಮುಂದೆ ಎಳನೀರು ಸಿಗುತ್ತದೆ.

ಕಲ್ಲುಕಂಬ

ತೂಬಗೆರೆಯಲ್ಲಿ ಬಸ್ ನಿಲ್ಲುವ ಕಡೆ ಬೆಳಿಗ್ಗೆಯೇ ಇಡ್ಲಿ, ಚಿತ್ರಾನ್ನ ಸಿಗುತ್ತದೆ, ಅಲ್ಲೇ ತಿಂದು ಹೊರಡಿ. ಬರುವ ಹಿಂದಿನ ದಿನ ಇಲ್ಲಿ ಒಂದು ಸಾಲು ಬರೆಯಿರಿ. ಯಾವ ಕಡೆ ಔಷಧ ಹೊಡೆಯುತ್ತಿದ್ದಾರೆ, ಯಾವ ಕಡೆ ಟೆಂಪೊ ಓಡಾಟ ಇದೆ ಎಂದು ತಿಳಿಸುತ್ತೇನೆ. ಅಕ್ಕನವರಿಗೂ ನಮಸ್ಕಾರ ಹೇಳಿ.